ಬಿಲ್ಲಿನಾಂವ, ಲೆವೆಲ್ ಒಂದು

ಜತ್ತ ಪ್ಯಾಟ್ಯಾಗ, ಎಸ್‌ಟಿ ಸ್ಟ್ಯಾಂಡಿನ ಎದುರಿಗೆ,
ಏಟಿಎಂ ಮುಂದ ನಂದು ರಾತ್ರಿ ಪಾಳಿ.
ಪ್ಲಾಸ್ಟಿಕ್ ಕುರ್ಚಿಗೆ ಮೂರಽ ಕಾಲು,
ನಾಕನೇದಕ್ಕ ಇಟ್ಟಂಗಿ.
ಉಮದಿ ಗಾಡಿ ಹೋದಮ್ಯಾಲ ಬರಾವ್ರು ನಾಯಿಗಳು,
ಇಲ್ಲಾ, ಬ್ಯಾಲೆನ್ಸ್ ಅಷ್ಟಽ ನೋಡಿ
ಸುಮ್ಮನ ಹೊಳ್ಳಿ ಹೋಗಾವ್ರು.

ಮೊಬೈಲ್ ಅಂಗಡಿ ದಸ್ತಗೀರ ಆಟ ಹಾಕಿಕೊಟ್ಟಾನ:
"ಪೈಲ್ವಾನ, ನಿದ್ದಿ ಬರಂಗಿಲ್ಲ ನೋಡು.
ಮೊದಲ ಒಂದು ಪಾತ್ರ ಆರಿಸಬೇಕು.
ವಿಚಾರ ಮಾಡಿ ಒತ್ತು, ಆಮ್ಯಾಲ ಬದಲ್ ಆಗೂದಿಲ್ಲ."

ಭಾಷಾ ಯಾವುದು ಅಂತ ಕೇಳಿತು.
ಕೆಳಗ ಕೆಳಗ ಜಗ್ಗಿದೆ. ಕೊರಿಯಾದ್ದೈತಿ, ಪೋಲಂಡಿಂದೈತಿ,
ನಮ್ಮದಿಲ್ಲ. ಮರಾಠೀನೂ ಇಲ್ಲ.
ಇಬ್ಬರೂ ಹೊರಗಽ ಅಂದ್ರ ಜಗಳಿಲ್ಲ,
ಇಂಗ್ಲಿಷ್ ಒತ್ತಿದೆ.

ಐದು ಮಂದಿ ಸಾಲಾಗಿ ನಿಂತರು, ಉಸಿರಾಡಕೋತ,
ಜೋಡಿ ಹಚ್ಚೂಕಿಂತ ಮೊದಲ
ಪೈಲ್ವಾನರು ನಿಂದ್ರೂಹಂಗ.
ಕತ್ತಿಯಾಂವ. ಬೆಂಕಿ ಮಂತ್ರದ ಮುದುಕ.
ಗಾಯ ಮಾಯಿಸಾಕಿ, ಅಂಗೈಯಾಗ ದೀಪ.
ಮಾರಿ ಮುಚ್ಚಿದ ಕಳ್ಳ.
ಕಡೀಕೆ, ಬಿಲ್ಲು ಹಿಡದ ಸಣ್ಣ ಸೊಂಟದ ಹುಡುಗ.

ಕತ್ತಿಯಾಂವನ ತೋಳು ನೋಡಿ ನಗು ಬಂತು.
ಅಂಥವು ನನಗೂ ಇದ್ದುವು, ಎರಡೂ.
ಈಗ ಬಲದ್ದು ಕಿವೀತನಕ ಏಳೂದಿಲ್ಲ.
ಮಂಗಳವೇಢದ ಮೈದಾನದಾಗ ಖಟಕ್ಕಂದಾಗ
ಮಂದಿ ಸಿಳ್ಳಿ ಹೊಡೀತಿದ್ರು,
ಯಾರಿಗೂ ಕೇಳಲಿಲ್ಲ.

ದಸ್ತಗೀರನ ಮೆಸೇಜು: ಕತ್ತಿಯಾಂವನ್ನ ತಗೋ,
ನಿನಗ ಮತ್ತೇನು ಒಪ್ಪತೈತಿ?
ವಸ್ತಾದರೂ ಹಂಗಽ ಅಂದಿದ್ರು
ನಾ ಒಂಬತ್ತು ವರ್ಷದಾಂವಿದ್ದಾಗ,
ಹೆಗಲು ಒತ್ತಿ, ಸಂತ್ಯಾಗ ಹೋರಿ ನೋಡಿದಂಗ ನೋಡಿ:
"ಇದು ಗರಡೀ ಸರಕು."
ಅಪ್ಪ ಹೂಂ ಅಂದ. ನನ್ನ ಯಾರೂ ಕೇಳಲಿಲ್ಲ.
ಕೇಳಿದ್ರೂ ಹೂಂ ಅಂತಿದ್ದೆ ಬಿಡ್ರಿ,
ದಿನಾ ಹತ್ತು ಬಾದಾಮಿ ಕೊಡತೀನಿ ಅಂದಿದ್ರು.

ಹದಿನಾಕು ವರ್ಷ
ಮಂದೀ ಬೆವರು ನನ್ನ ಮೂಗಿನ್ಯಾಗ,
ಮಂದೀ ಮೊಣಕೈ ನನ್ನ ಗಂಟಲಾಗ.
ಅರಿಷಿಣ, ಮಜ್ಜಿಗಿ, ಎಣ್ಣಿ ಹಾಕಿ ಹದ ಮಾಡಿದ ಮಣ್ಣು
ಕಿವ್ಯಾಗ ಹೊಕ್ಕಿದ್ದು ಇನ್ನೂ ಹೊರಬಿದ್ದಿಲ್ಲ.
ಕಿವಿ ಎರಡೂ ಮುದುಡಿ ಒಣಾ ಅಂಜೂರ ಆಗ್ಯಾವು.
ಶೈಲವ್ವ ಮುಟ್ಟಿ ನೋಡತಾಳ,
"ಇದರಾಗ ನನ್ನ ಮಾತು ಎಷ್ಟು ಹೋಗತೈತಿ?" ಅಂತಾಳ.

ಬಿಲ್ಲಿನ ಹುಡುಗನ ಮ್ಯಾಲ ಬಟ್ಟಿಟ್ಟೆ.
ದೂರ ನಿಂತು ಹೊಡಿಯಾಂವ, ಅಂತ ಕೆಳಗ ಬರದಿತ್ತು.
ಡಿಕ್ಷನರಿ ಹಚ್ಚಿ ಓದಿದೆ. ಮತ್ತೊಮ್ಮೆ ಓದಿದೆ.
ದೂರ.
ಒತ್ತಿದೆ.

ಹೆಸರು ಕೇಳಿತು. ಮಾಳಿಂಗ ಅಂದೆ.
ಆಗಲೇ ಯಾರೋ ತಗೊಂಡಾರಂತ!
ಜಗತ್ತಿನ್ಯಾಗ ಇನ್ನೊಬ್ಬ ಮಾಳಿಂಗ,
ಅವಗೂ ನಿದ್ದಿ ಇಲ್ಲ.
ಹಿಂದ ನನ್ನ ಬಿಲ್ಲೆ ನಂಬರ್ ಹಚ್ಚಿದೆ, ಮಾಳಿಂಗ ಎಪ್ಪತ್ತೊಂದು.

ಕಾಡು. ತ್ವಾಳ ಬಂತು.
ಕತ್ತಿ ಹಿಡದು ಮುಂದ ನಿಂತಾಂವ ದಸ್ತಗೀರ,
ನಲವತ್ತೆಂಟು ಕಿಲೋದ ಹುಡುಗ.
ನಾ ಬಾಣ ಹೂಡೂದು ಬಿಟ್ಟು ಓಡಿ ಹೋಗಿ
ತ್ವಾಳದ ಎದಿಗೆ ಎದಿ ಕೊಟ್ಟೆ.
ಎರಡು ಸಲ ಕಡೀತು. ಸತ್ತೆ.
"ಹಿಂದ ಸರಿಯೋ ಪೈಲ್ವಾನ! ಬಿಲ್ಲಿನಾಂವ ನೀ!"
ಎದ್ದೆ, ಓಡಿದೆ, ಸತ್ತೆ.
ಹೆಬ್ಬಟ್ಟಿಗೂ ಗೊತ್ತಿದ್ದದ್ದು ಒಂದಽ ದಿಕ್ಕು.
ಬೀಳೂದು ಕಲಿಸಿದ್ರು, ಬಿದ್ದಮ್ಯಾಲ
ಬೆನ್ನು ನೆಲಕ್ಕ ಹತ್ತದಂಗ ತಡಿಯೂದು ಕಲಿಸಿದ್ರು.
ಹಿಂದ ಸರದ್ರ
ತೊಡಿಗೆ ಬಾರಕೋಲ.

ಮೂರರ ಸುಮಾರ ಒಬ್ಬಾಂವ ಮಿಷನ್ನಿಗೆ ಒದಿಯಾಕ ಹತ್ತಿದ.
ಕುತ್ತಿಗಿ ಹಿಡದು ಹೊರಗ ತರೂದು ನನ್ನ ಪದ್ಧತಿ.
ಏಳಬೇಕಂದೆ, ಇಟ್ಟಂಗಿ ಸರಿದು ಕುರ್ಚಿ ವಾಲಿತು,
ಅಲ್ಲೇ ಕುಂತು ಕೇಳಿದೆ,
"ಏನಾತು ತಮ್ಮಾ?"
ಕಾರ್ಡು ನುಂಗೇತಂತ. ಪಗಾರ ಇವತ್ತಽ ಬಿದ್ದಿತ್ತಂತ.
ಪಾವಟಿಗಿ ಮ್ಯಾಲ ಕುಂತು ಅಳಾಕ ಹತ್ತಿದ.
ನಡುವ ಎಂಟು ಹೆಜ್ಜಿ.
ಅಳಲಿ ಅಂತ ಬಿಟ್ಟೆ.

ಮೊಬೈಲಿನ್ಯಾಗ ತ್ವಾಳ
ಇನ್ನೂ ಕಾಯಕೋತ ನಿಂತಿತ್ತು,
ಉಸಿರಾಡಕೋತ.